ದೀಪಸ್ತಂಭದ ಬಲ್ಬು

ಮಾರ್ಚ್ 3, ಸೋಮವಾರ, ಬೆಳಿಗ್ಗೆ 6.30

ಹೊಸ ನೋಟ್‌ಬುಕ್. ಮೊದಲ ಪುಟದಲ್ಲಿ ಯಾರದು ಎಂದು ಬರೆಯಬೇಕು ಎಂದು ಹೈಸ್ಕೂಲಿನಲ್ಲಿ ಕಲಿಸಿದ್ದರು. ಓದಿದ್ದು ಅಷ್ಟೇ. ಕಲಿಸಿದ್ದನ್ನು ಬಿಟ್ಟಿಲ್ಲ.

ನಾನು ಈ ಪಿನ್‌ಬಾಲ್ ಆಟದ ಮನೆಯ ಯಜಮಾನಿ. ಅರವತ್ತೆಂಟು ವರ್ಷ. ಕೆಳಗೆ ಆಟದ ಮನೆ, ಮೇಲೆ ನಾವಿರುವ ಮನೆ. ಗಾಜಿನ ಕೆಳಗೆ ಉಕ್ಕಿನ ಚೆಂಡು ಓಡುವ ಹದಿಮೂರು ಹಳೆಯ ಮಷೀನು, ಒಬ್ಬ ಮಗ, ಒಬ್ಬಳು ತಂಗಿ, ಒಬ್ಬ ಮೇಸ್ತ್ರಿ. ಎಲ್ಲ ನನ್ನ ಮಾತಿನಂತೆ ನಡೆಯುತ್ತದೆ, ನಡೆಯದಿದ್ದರೆ ನಡೆಸುತ್ತೇನೆ. ಬೀಗದ ಕೈ ಗೊಂಚಲು ನನ್ನ ಕೊರಳಲ್ಲಿ. ಪಂದ್ಯದ ದಿನ ಅಂಕಕ್ಕೆ ಸಾಕ್ಷಿ ನಿಲ್ಲುವವಳೂ ನಾನೇ. ಮೂವತ್ತೊಂದು ವರ್ಷದಿಂದ. ನಾನು ಬರೆದ ಅಂಕಿಯನ್ನು ಯಾರೂ ತಿದ್ದಿಲ್ಲ.

ಮಂಡಿ ನೋವು ಇದೆ. ಬರೆಯುವಂಥದ್ದಲ್ಲ.

ತಂಗಿ ಚಿಕ್ಕಿ ಕೆಳಗೆ ಮಷೀನುಗಳ ಗಾಜು ಒರೆಸುತ್ತಿದ್ದಾಳೆ. ವಿನೆಗರ್ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ. ಒರೆಸಿ ಮುಗಿಸಿ ಒಂದು ಆಟ ಆಡುತ್ತಾಳೆ, ದಿನಾ. ಕೇಳಿದರೆ, "ಮಷೀನ್ ಸರಿಯಾಗಿದೆಯಾ ಅಂತ ನೋಡ್ತಿದ್ದೆ ಅಕ್ಕ" ಎನ್ನುತ್ತಾಳೆ. ಚೆಕ್ ಮಾಡುವವರು ಚಪ್ಪಲಿ ಬಿಚ್ಚಿ ನಿಲ್ಲುತ್ತಾರೆಯೇ? ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ನನ್ನ ಮಗ ಹುಟ್ಟಿದಾಗ ಎರಡು ತಿಂಗಳು ಸಹಾಯಕ್ಕೆಂದು ಬಂದವಳು. ಮಗನಿಗೆ ಈಗ ಮೂವತ್ತಾರು.

ಗಿರಾಕಿಗಳ ಮುಂದೆ ಆಡಲು ಬಿಟ್ಟಿಲ್ಲ. ನಮ್ಮ ಮನೆಯ ಹೆಂಗಸರು ಆಡಿಸುವವರು, ಆಡುವವರಲ್ಲ.

ಮೇಸ್ತ್ರಿ ಬಂದು ಹೇಳಿದ, "ಅಮ್ಮಾವ್ರೇ, ದೀಪಸ್ತಂಭದ ಮಷೀನಲ್ಲಿ ತುದಿ ಬಲ್ಬು ಹೋಗಿದೆ. ಕೀ ಕೊಟ್ಟರೆ ಹಿಂದಿನ ಗಾಜು ತೆಗೆದು ಹಾಕಿಬಿಡ್ತೀನಿ. ಎರಡು ನಿಮಿಷ."

"ಪಂದ್ಯ ಮುಗೀಲಿ" ಎಂದೆ.

"ಪಂದ್ಯಕ್ಕೇ ಬೇಕಲ್ವಾ ಅಮ್ಮಾವ್ರೇ? ಯಾರಾದ್ರೂ ಲಕ್ಷ ದಾಟಿದ್ರೆ?"

"ಯಾರು ದಾಟ್ತಾರೆ? ನೀನಾ?"

ನಕ್ಕ. ನಾನೂ ನಕ್ಕೆ. ಕೀ ಕೊಡಲಿಲ್ಲ.

ಮಾರ್ಚ್ 5, ಬುಧವಾರ, ಮಧ್ಯಾಹ್ನ

ಮಗ ಪಂದ್ಯಕ್ಕೆಂದು ಎರಡು ಹೊಸ ಮಷೀನು ಬಾಡಿಗೆಗೆ ತರಿಸಿದ್ದಾನೆ. ಒಂದು ಡ್ರ್ಯಾಗನ್‌ದು, ಒಂದು ಬಾಹ್ಯಾಕಾಶದ್ದು. ನಾಲ್ಕು ಜನ ಹೊತ್ತು ತಂದರು. ಪ್ಲಗ್ ಹಾಕಿದ ಕೂಡಲೇ ಡ್ರ್ಯಾಗನ್ ಮಾತಾಡಲು ಶುರು ಮಾಡಿತು. ನಿಲ್ಲಿಸುವುದೇ ಇಲ್ಲ. ಚೆಂಡು ಬಿದ್ದರೆ ಸಮಾಧಾನ ಹೇಳಿ ಇನ್ನೊಂದು ಕೊಡುತ್ತದೆ. ಅಂಕ ಕೋಟಿಗಳಲ್ಲಿ. ಸುಮ್ಮನೆ ನಿಂತರೂ ಎರಡು ಲಕ್ಷ.

"ಇದಕ್ಕೆ ಸಾಕ್ಷಿ ಬೇಡ ಅಮ್ಮ. ಯಾರು, ಯಾವತ್ತು, ಎಷ್ಟು ಹೊಡೆದ್ರು, ಎಲ್ಲ ಅದೇ ನೆನಪಿಟ್ಕೊಳ್ಳುತ್ತೆ" ಎಂದ ಮಗ.

ನಮ್ಮ ಹಳೆಯ ದೀಪಸ್ತಂಭದ ಮಷೀನಿಗೆ ನೆನಪಿಲ್ಲ. ಐದು ಅಂಕಿ ಚಕ್ರ, ಗಂಟೆ, ವೈರು, ಅಷ್ಟೇ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು ಆದ ಮೇಲೆ ಐದೂ ಚಕ್ರ ಒಟ್ಟಿಗೆ ತಿರುಗಿ ಸೊನ್ನೆಗೆ ಬಂದು ನಿಲ್ಲುತ್ತವೆ. ಆಗ ಎರಡು ನಡೆಯುತ್ತವೆ. ಪೆಟ್ಟಿಗೆಯೊಳಗೆ ಒಂದು ಕಬ್ಬಿಣದ ಕಡ್ಡಿ ಮರಕ್ಕೆ ಒಂದೇ ಪೆಟ್ಟು ಬಡಿಯುತ್ತದೆ — ಠಕ್. ಗಾಜಿನ ಮೇಲೆ ಬರೆದ ದೀಪಸ್ತಂಭದ ತುದಿಯಲ್ಲಿ ದೀಪ ಹತ್ತುತ್ತದೆ. ಆ ದೀಪವೇ ಲಕ್ಷ. ದೀಪ ಇಲ್ಲದಿದ್ದರೆ ಲಕ್ಷದ ಎಂಟು ಸಾವಿರವೂ ಒಂದೇ, ಬರೀ ಎಂಟು ಸಾವಿರವೂ ಒಂದೇ. ಅದಕ್ಕೇ ಪಕ್ಕದಲ್ಲಿ ಪುಸ್ತಕ ಹಿಡಿದು ಒಬ್ಬರು ನಿಲ್ಲಬೇಕು.

ಅದರಲ್ಲಿ ಲಕ್ಷ ದಾಟಿದವರು ಒಬ್ಬರೇ. ನಮ್ಮ ಯಜಮಾನರು. 1,02,640. ಬಾಗಿಲ ಮೇಲಿನ ಬೋರ್ಡಿನಲ್ಲಿ ಬಿಳಿ ಪೇಂಟಿನಲ್ಲಿದೆ. ಅವರು ಹೋಗಿ ಒಂಬತ್ತು ವರ್ಷ. ಹಳೆಯ ಗಿರಾಕಿಗಳು ಈಗಲೂ ನನ್ನನ್ನು ಲಕ್ಷದಮ್ಮ ಎನ್ನುತ್ತಾರೆ. ಬೇಡ ಎಂದು ನಾನು ಹೇಳಿಲ್ಲ.

ಸಂಜೆ —

ಚಿಕ್ಕಿ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ! ಮಗನೇ ಬರೆಸಿಕೊಂಡಿದ್ದಾನೆ. ನನಗೆ ಪಟ್ಟಿ ನೋಡಿದ ಮೇಲೆ ಗೊತ್ತು.

"ಐವತ್ತೆಂಟು ವರ್ಷ ಆಯ್ತಕ್ಕಾ. ಇನ್ನು ನನ್ನನ್ನ ಯಾರು ನೋಡ್ತಾರೆ? ಒಂದೇ ಆಟ. ಸೋತು ಬಂದು ಚಹಾ ಮಾಡ್ತೀನಿ."

"ಮಾಡು" ಎಂದೆ. ಚಹಾಕ್ಕೆ ಹೇಳಿದ್ದೋ ಆಟಕ್ಕೆ ಹೇಳಿದ್ದೋ ನನಗೇ ತಿಳಿಯಲಿಲ್ಲ.

ಮಾರ್ಚ್ 8, ಶನಿವಾರ, ಸಂಜೆ 6

ಪಂದ್ಯದ ಮೊದಲ ದಿನ. ಇಪ್ಪತ್ತೆರಡು ಜನರಲ್ಲಿ ಹನ್ನೆರಡು ಮಂದಿ ಆಡಿದರು. ಎಲ್ಲರಿಗೂ ದೀಪಸ್ತಂಭದಲ್ಲೇ ಒಂದೊಂದು ಆಟ, ಮೂರು ಚೆಂಡು. ಮೇಲಿನ ನಾಲ್ವರು ಮುಂದಿನ ಭಾನುವಾರ ಫೈನಲ್‌ಗೆ. ಫೈನಲ್ ಮಾತ್ರ ಹಳೆಯದರಲ್ಲಿ ಒಂದು, ಡ್ರ್ಯಾಗನ್‌ನಲ್ಲಿ ಒಂದು.

ಬೆಳಿಗ್ಗೆ ಒಂಬತ್ತರಿಂದ ನಿಂತಿದ್ದೆ. ಕುರ್ಚಿ ತಂದುಕೊಟ್ಟರು, ಕೂರಲಿಲ್ಲ. ಸಾಕ್ಷಿ ನಿಲ್ಲುವುದು ಎಂದರೆ ನಿಲ್ಲುವುದು.

ಔಷಧಿ ಅಂಗಡಿಯವರು 71,220. ಈಗ ನಾಲ್ಕನೇ ಸ್ಥಾನ. ಆಡುವಾಗ ಮಷೀನಿಗೆ ಬುದ್ಧಿ ಹೇಳುತ್ತಾರೆ: "ನಿಧಾನ ತಾಯಿ, ನಿಧಾನ, ಎಲ್ಲಿಗೆ ಓಡ್ತೀಯ?" ಒಬ್ಬಾತ ಸಿಟ್ಟಿನಿಂದ ಮಷೀನನ್ನು ಎರಡೂ ಕೈಯಲ್ಲಿ ಕುಲುಕಿದ. ಟಿಲ್ಟ್, ಆಟ ಅಲ್ಲಿಗೆ ರದ್ದು. ದೀಪ ಎಲ್ಲ ಆರಿತು. ನನ್ನ ಕಡೆ ನೋಡಿದ. ನಾನು ಬರೆದೆ. ವಾದ ಮಾಡಲಿಲ್ಲ, ಇಲ್ಲಿ ಯಾರೂ ಮಾಡುವುದಿಲ್ಲ.

ಚಿಕ್ಕಿಯ ಸರದಿ ನಾಳೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ 2

ಚಿಕ್ಕಿ ಆಡಿದಳು. 08,430.

ಮಾರ್ಚ್ 9, ಸಂಜೆ 5

ಮೇಲಿನ ಸಾಲು ಬರೆದು ಮಲಗಿದ್ದೆ. ನಿದ್ದೆ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಹನ್ನೊಂದು ಗಂಟೆ. ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟು ನಿಂತಳು. ಯಾರೋ ನಕ್ಕರು. ಮೊದಲ ಚೆಂಡಿಗೇ ಮೂರು ನಿಮಿಷ. ಕೈ ಅಲುಗುವುದೇ ಕಾಣುವುದಿಲ್ಲ ಅವಳದು. ಸೊಂಟದಿಂದ ಮಷೀನಿಗೆ ಸಣ್ಣಗೆ ಒಂದು ಒತ್ತು, ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುವ ಹಾಗೆ. ಟಿಲ್ಟ್ ಆಗುವುದಿಲ್ಲ. ಚೆಂಡು ಅವಳು ಹೇಳಿದಲ್ಲಿಗೆ ಹೋಗುತ್ತದೆ. ಮೂವತ್ತಾರು ವರ್ಷ ಬೆಳಿಗ್ಗೆ ಚೆಕ್ ಮಾಡಿದ್ದು ಇದನ್ನೇ.

ಮೂರನೆಯ ಚೆಂಡಿನ ಹೊತ್ತಿಗೆ ತೊಂಬತ್ತು ಸಾವಿರ ದಾಟಿತ್ತು. ಆದರೆ ಎರಡನೆಯ ಚೆಂಡು ಶುರುವಾದಾಗಲೇ ಮೂಲೆಯಲ್ಲಿ ಡ್ರ್ಯಾಗನ್ ಆಡುತ್ತಿದ್ದವರಿಗೆ ಏನೋ ಜಾಕ್‌ಪಾಟ್. ಬೆಂಕಿ, ಕೂಗು, ಚಪ್ಪಾಳೆ. ಎಲ್ಲರೂ ಆ ಕಡೆ ತಿರುಗಿ ಓಡಿ ಅಲ್ಲೇ ಮುತ್ತಿಕೊಂಡರು. ಮಗನೂ. ಮೇಸ್ತ್ರಿ ಹೊರಗೆ ವೈರು ತರಲು ಹೋಗಿದ್ದ. ದೀಪಸ್ತಂಭದ ಹತ್ತಿರ ನಾನು, ಅವಳು. ಆಡುವಾಗ ಅವಳು ಚಕ್ರದ ಕಡೆ ತಲೆ ಎತ್ತುವುದಿಲ್ಲ, ಕಣ್ಣು ಚೆಂಡಿನ ಮೇಲೆ. ಚಕ್ರ ನೋಡುತ್ತಿದ್ದವಳು ನಾನೊಬ್ಬಳೇ.

ಐದೂ ತಿರುಗಿದವು. ಠಕ್ ಎಂದಿತು. ದೀಪ ಹತ್ತಲಿಲ್ಲ.

ನೋಡಿದೆ. ಕೇಳಿದೆ.

ಇನ್ನೂ ಆಡಿದಳು. ಚೆಂಡು ಬಿತ್ತು. ಚಕ್ರದಲ್ಲಿ 08,430. ಯಜಮಾನರಿಗಿಂತ ಐದು ಸಾವಿರದ ಏಳುನೂರ ತೊಂಬತ್ತು ಜಾಸ್ತಿ. ತಲೆಯಲ್ಲಿ ಕಳೆದದ್ದು ಆಗಲೇ. ಪೆನ್ನು ಹಿಡಿದು ಚಕ್ರದಲ್ಲಿ ಕಂಡದ್ದನ್ನು ಬರೆದೆ. ಅದರ ಎಡಕ್ಕೆ ಒಂದು ಗೆರೆ, ಒಂದು ‘1’, ಸೇರಿಸಿದ್ದರೆ ಮುಗಿಯುತ್ತಿತ್ತು. ಸೇರಿಸಲಿಲ್ಲ.

"ಅಕ್ಕ, ಒಂದು ಸುತ್ತು ಬಂತಲ್ವಾ?" ಉಸಿರು ಬಿಡುತ್ತಾ ಕೇಳಿದಳು. ಮುಖ ಇಪ್ಪತ್ತೆರಡರ ಹುಡುಗಿಯದ್ದು.

"ದೀಪ ಹತ್ತಲಿಲ್ಲ."

ಸುಳ್ಳಲ್ಲ. ಹತ್ತಲಿಲ್ಲ.

ಮಗ ಬಂದ. "ಏನಮ್ಮ, ಎಷ್ಟು?"

"ಬರೆದಿದೀನಿ ನೋಡು."

ನೋಡಿದ. "ಅಯ್ಯೋ ಚಿಕ್ಕಮ್ಮ!" ಎಂದು ಅವಳ ಹೆಗಲ ಮೇಲೆ ಕೈ ಹಾಕಿದ. ಅವಳು ಚಪ್ಪಲಿ ಹಾಕಿಕೊಂಡು, "ಚಹಾ ಮಾಡ್ತೀನಿ ಅಂದಿದ್ದೆ" ಎಂದು ಮೇಲೆ ಬಂದಳು. ಮಾಡಿದಳು. ಕುಡಿದೆ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 10

ಮೇಸ್ತ್ರಿ ಪುಸ್ತಕ ನೋಡಿದ. ತುಂಬಾ ಹೊತ್ತು ನೋಡಿದ.

"ಅಮ್ಮಾವ್ರೇ, ನಾನು ಹೋಗುವಾಗ ಚಿಕ್ಕಮ್ಮಾವ್ರು ಮೊದಲನೇ ಚೆಂಡು ಆಡ್ತಿದ್ರು. ಬರೋ ಹೊತ್ತಿಗೆ ಮೂರನೇದು ಆಗಷ್ಟೇ ಬಿದ್ದಿತ್ತು. ಎಂಟು ಸಾವಿರಕ್ಕೆ ಇಷ್ಟು ಹೊತ್ತು ಯಾರಾದ್ರೂ ಆಡ್ತಾರಾ?"

"ನಿಧಾನಕ್ಕೆ ಆಡಿದಳು."

"ಪಿನ್‌ಬಾಲ್ ನಿಧಾನಕ್ಕೆ ಆಡೋಕಾಗತ್ತಾ ಅಮ್ಮಾವ್ರೇ?"

ನಾನು ಅವನ ಮುಖ ನೋಡಿದೆ. ಮೂವತ್ತು ವರ್ಷದಿಂದ ಆ ನೋಟಕ್ಕೆ ತಲೆ ತಗ್ಗಿಸುತ್ತಾನೆ. ಇವತ್ತೂ ತಗ್ಗಿಸಿದ. ಆದರೆ ತಕ್ಷಣ ಅಲ್ಲ.

ಮಗ ಬಂದಾಗ ಮೇಸ್ತ್ರಿಯೇ ಬಾಯಿಬಿಟ್ಟ. "ಅಣ್ಣಾ, ತುದಿ ಬಲ್ಬು ಸತ್ತಿತ್ತು. ಬದಲಾಯಿಸೋಕೆ ಮರೆತೆ. ನಂದೇ ತಪ್ಪು. ಹಾಗಾಗಿ ಚಿಕ್ಕಮ್ಮಾವ್ರದ್ದು ಒಂದು ವೇಳೆ ದಾಟಿದ್ರೂ..."

ಮಗ ಕೂಗಾಡಿದ. ಇಷ್ಟು ವರ್ಷದ ಅನುಭವ, ಇಷ್ಟು ಸಣ್ಣ ವಿಷಯ, ಪಂದ್ಯದ ಮಾನ, ಏನೇನೋ. ಮೇಸ್ತ್ರಿ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡ. ಕೀ ಕೊಡದವಳು ನಾನು. ಎರಡು ಮಾರು ದೂರದಲ್ಲಿ ನಿಂತಿದ್ದೆ. ಕೊರಳಲ್ಲಿ ಗೊಂಚಲು.

ಮಗ ಚಿಕ್ಕಿಯನ್ನು ಕರೆದ. "ಚಿಕ್ಕಮ್ಮ, ಬಲ್ಬು ಹೋಗಿತ್ತಂತೆ. ಬೇಕಿದ್ರೆ ಇನ್ನೊಂದು ಸಲ ಆಡು. ಯಾರೂ ಬೇಡ ಅನ್ನಲ್ಲ."

"ಯಾಕೆ? ಬಲ್ಬು ಹೋದ್ರೇನು, ಅಕ್ಕನ ಕಣ್ಣು ಹೋಗಿತ್ತಾ? ಅಲ್ಲೇ ನಿಂತಿದ್ಲಲ್ಲ. ದಾಟಿದ್ರೆ ಬರೀತಿರಲಿಲ್ವಾ?"

ಕುಹಕ ಇರಬಹುದೆಂದು ಅವಳ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9

ಗಾಜು ಒರೆಸಿದಳು, ಆಡಲಿಲ್ಲ. ಕೆಳಗಿನಿಂದ ಸದ್ದೇ ಇಲ್ಲ. ಈ ಹೊತ್ತಿಗೆ ಮಷೀನಿನ ಗಂಟೆ ಸದ್ದು ಬರದಿದ್ದರೆ ಮನೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ 3

ಕಿಟಕಿ ಹತ್ತಿರ ಕೂತು ಇಬ್ಬರೂ ಬಟಾಣಿ ಬಿಡಿಸುತ್ತಿದ್ದೆವು. ತಲೆ ಎತ್ತದೆ ಕೇಳಿದಳು.

"ಅಕ್ಕ, ಒಂದು ಕೇಳ್ಲಾ? ಬೈಬೇಡ. ಠಕ್ ಅಂತ ಒಂದು ಸದ್ದು ಬಂತು. ನಿನಗೆ ಕೇಳಿಸ್ತಾ?"

ಈಗ ದೀಪದ ಮಾತಲ್ಲ. ನೇರ ಪ್ರಶ್ನೆ. ತಪ್ಪಿಸಿಕೊಳ್ಳಲು ಸಂದಿ ಇರಲಿಲ್ಲ. ಹೇಳಿಬಿಡಬಹುದಿತ್ತು. ಬಟಾಣಿ ಬೋಗುಣಿ ಅರ್ಧ ತುಂಬಿತ್ತು. ತುಂಬುವುದರೊಳಗೆ ಹೇಳಿ ಮುಗಿಸಬಹುದಿತ್ತು.

"ಇಲ್ಲ" ಎಂದೆ.

"ಸರಿ ಹಾಗಾದ್ರೆ." ಇನ್ನೆರಡು ಕಾಯಿ ಬಿಡಿಸಿದಳು. "ಐದೂ ಚಕ್ರ ತಿರುಗಿದ ಹಾಗೂ ಕೇಳಿಸಿತ್ತು ನನಗೆ. ಕಿವಿಗೆ ಏನೋ ಆಗಿದೆ ಅಕ್ಕ. ವಯಸ್ಸಾಯ್ತು ನೋಡು. ಇಲ್ಲದ್ದೆಲ್ಲ ಕೇಳಿಸುತ್ತೆ."

ನಾನು ಸಿಪ್ಪೆ ಎತ್ತಿಕೊಂಡು ಎದ್ದೆ.

ಮಾರ್ಚ್ 13, ಗುರುವಾರ, ಸಂಜೆ

ಔಷಧಿ ಅಂಗಡಿಗೆ ಹೋಗಿ ಕಿವಿಗೆ ಹಾಕುವ ಔಷಧಿ ತಂದಿದ್ದಾಳೆ. ಅದೂ ಅವರ ಹತ್ತಿರವೇ! ಇವಳ ಜಾಗದಲ್ಲಿ ಫೈನಲ್ ಆಡುವವರ ಹತ್ತಿರ. ಅವರು ನಗೆಯಾಡಿದರಂತೆ: "ನೀವು ಸೋತಿದ್ದು ಕೈಯಿಂದ ಚಿಕ್ಕಮ್ಮಾ, ಕಿವಿಗೆ ಯಾಕೆ ಶಿಕ್ಷೆ?" ಇವಳು ಅದನ್ನು ನನಗೆ ಹೇಳಿ ತಾನೂ ನಕ್ಕಳು.

"ಮೂರು ಹನಿ. ದಿನಕ್ಕೆ ಎರಡು ಸಲ. ನನಗೆ ಹಾಕ್ಕೊಳ್ಳೋಕೆ ಬರಲ್ಲ, ನೀನೇ ಹಾಕು."

ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಕಣ್ಣು ಮುಚ್ಚಿದಳು. ಚಿಕ್ಕವಳಿದ್ದಾಗ ಹೇನು ತೆಗೆಸಿಕೊಳ್ಳಲು ಹೀಗೇ ಮಲಗುತ್ತಿದ್ದಳು. ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿದೆ. ಯಾವಾಗ ಆಯಿತು?

ಒಂದು. ಎರಡು. ಮೂರು. ಸರಿಯಾಗಿರುವ ಕಿವಿಗೆ.

"ತಣ್ಣಗಿದೆ" ಎಂದಳು. "ಆ ಕಡೇಗೂ ಹಾಕು."

ಹಾಕಿದೆ. ನಾನು. ಈ ಕೈಯಿಂದ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 7

ಮತ್ತೆ ಮೂರು ಹನಿ. ಆ ಕಡೆ ಮೂರು.

ಬೆಳಿಗ್ಗೆ 11

ಸಾಕ್ಷಿ ಪುಸ್ತಕ ಪೆಟ್ಟಿಗೆಯಿಂದ ತೆಗೆದು ಹಳೆಯ ಪುಟಗಳಿಗೆ ಹೋದೆ. ಒಂದು ಕಾರಣ ಹುಡುಕುತ್ತಿದ್ದೆ — ನನಗೆ ನಾನೇ ಹೇಳಿಕೊಳ್ಳಲು. ಯಜಮಾನರ ಹೆಸರು ಕಾಯುವವರು ಬೇರೆ ಯಾರಿದ್ದಾರೆ ಎಂದು.

ಮೊದಲ ಪುಟ, ಮೊದಲ ಸಾಲು. 1,02,640. ಎದುರಿಗೆ ಸಾಕ್ಷಿ ಎಂದು ನನ್ನ ಸಹಿ. ಆಗಿನ ದುಂಡು ಅಕ್ಷರ.

ಆ ದಿನ ನಾನು ಕೆಳಗೆ ಇರಲೇ ಇಲ್ಲ.

ಮಗನಿಗೆ ಐದು ವರ್ಷ. ಜ್ವರ. ಇದೇ ಕೋಣೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ಅವರು ಎರಡೆರಡು ಮೆಟ್ಟಿಲು ಹಾರಿ ಬಂದರು. "ದಾಟ್ತು ಕಣೇ! ಲಕ್ಷ ದಾಟ್ತು!" ಪುಸ್ತಕ ಅವರೇ ತಂದಿದ್ದರು. "ಸಾಕ್ಷಿ ಬೇಕು, ಹಾಕು." ಮಗನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದೆ. ಇಳಿದು ಹೋಗಿ ದೀಪ ಹತ್ತಿದೆಯೇ ಎಂದು ಕೂಡ ನೋಡಲಿಲ್ಲ. ಅವರು ಹೇಳಿದರು, ನಾನು ಬರೆದೆ.

ಮರೆತಿರಲಿಲ್ಲ. ನೆನಪು ಮಾಡಿಕೊಂಡಿರಲಿಲ್ಲ, ಅಷ್ಟೇ. ಎರಡಕ್ಕೂ ಇರುವ ವ್ಯತ್ಯಾಸದಲ್ಲಿ ಮೂವತ್ತೊಂದು ವರ್ಷ ತಲೆ ಎತ್ತಿ ಬದುಕಿದ್ದೇನೆ.

ನೋಡದ್ದಕ್ಕೆ ಸಾಕ್ಷಿ ಹಾಕಿದೆ. ನೋಡಿದ್ದಕ್ಕೆ ಹಾಕಲಿಲ್ಲ.

ಸಂಜೆ 6

ಮೂರು ಹನಿ ಹಾಕಲು ಕರೆದಳು. ಕೈ ನೋವು ಎಂದೆ. ಮಗನ ಹತ್ತಿರ ಹಾಕಿಸಿಕೊಂಡಳು.

ಮಾರ್ಚ್ 15, ಶನಿವಾರ

ನಾಳೆ ಏಳಕ್ಕೆ ಬಾ ಎಂದು ಮೇಸ್ತ್ರಿಗೆ ಹೇಳಿದೆ.

ಮಾರ್ಚ್ 16, ಭಾನುವಾರ, ಸಂಜೆ 5

ಆಯಿತು. ಮಾಡಿದೆ. ಬಿಡಿಸಿ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಗೆ ಬರಹೇಳಿದ್ದೆ. ಕೊರಳಿನ ಗೊಂಚಲು ತೆಗೆದು ದೀಪಸ್ತಂಭದ ಹಿಂಬದಿ ನಾನೇ ತೆರೆದೆ. "ಬಲ್ಬು ಕೊಡು." ಕೊಟ್ಟ. ಬೆರಳು ಸಾಲದು, ಜಾಗ ಇಕ್ಕಟ್ಟು. ಎರಡು ಸಲ ಕೈಜಾರಿತು. ಅವನು ಮುಂದೆ ಬಂದರೂ ಬಿಡಲಿಲ್ಲ. ಹಾಕಿದೆ. ಅವನು ವೈರು ಮುಟ್ಟಿಸಿ ನೋಡಿದ, ಹತ್ತಿತು.

"ಮೇಸ್ತ್ರಿ, ಕೀ ಕೇಳಿದಾಗ ನಾನು ಕೊಡಲಿಲ್ಲ. ನನ್ನ ಬದಲು ಬೈಸಿಕೊಂಡೆ ನೀನು."

"ಹೋಗ್ಲಿ ಬಿಡಿ ಅಮ್ಮಾವ್ರೇ. ನನ್ನ ಬೆನ್ನು ಅಗಲ ಇದೆ."

"ನಿನ್ನ ಬೆನ್ನು ನನ್ನದಲ್ಲ" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ. ಬಲ್ಬಿನ ಖಾಲಿ ಡಬ್ಬಿಯನ್ನು ತಿರುಗಿಸುತ್ತಾ ನಿಂತಿದ್ದ.

ಏಣಿ ಹಾಕಿಸಿ ಬೋರ್ಡು ಇಳಿಸಿದೆ. ಟರ್ಪೆಂಟೈನ್ ಮುಟ್ಟಿಸಿದ ಬಟ್ಟೆಯಿಂದ ಆ ಸಾಲು ಒರೆಸಿದೆ. ಮೂವತ್ತೊಂದು ವರ್ಷದ ಪೇಂಟು, ನಾಲ್ಕು ಉಜ್ಜಿಗೆ ಹೋಯಿತು. ಇಷ್ಟು ಸುಲಭಕ್ಕೆ ಹೋಗಬಾರದಿತ್ತು.

ಹತ್ತು ಗಂಟೆಗೆ ಎಲ್ಲ ಸೇರಿದರು. ಫೈನಲ್‌ನ ನಾಲ್ವರು, ಇಪ್ಪತ್ತು ಮೂವತ್ತು ಗಿರಾಕಿಗಳು. ಮಗ ನಿಯಮ ಓದಲು ಎದ್ದ. ಕೂರು ಎಂದೆ, ಕೂತ. ಡ್ರ್ಯಾಗನ್‌ನ ಪ್ಲಗ್ ಕೀಳಿಸಿದೆ. ಅದರ ಮಾತಿನ ನಡುವೆ ಹೇಳುವಂಥದ್ದಲ್ಲ.

ಭಾಷಣ ಮಾಡಲಿಲ್ಲ. ಹೇಳಿದ್ದು ಇಷ್ಟು: "ಕಳೆದ ಭಾನುವಾರ ನನ್ನ ತಂಗಿ ಹೊಡೆದದ್ದು ಎಂಟು ಸಾವಿರ ಅಲ್ಲ. ಒಂದು ಲಕ್ಷದ ಎಂಟು ಸಾವಿರದ ನಾನೂರ ಮೂವತ್ತು. ಚಕ್ರ ತಿರುಗಿದ್ದು ನಾನು ನೋಡಿದೆ. ಠಕ್ ಅಂದದ್ದು ಕೇಳಿದೆ. ಗೊತ್ತಿದ್ದೂ ಕಡಿಮೆ ಬರೆದೆ. ಬಲ್ಬು ಬದಲಾಯಿಸೋಕೆ ಮೇಸ್ತ್ರಿ ಕೀ ಕೇಳಿದ್ದ, ನಾನು ಕೊಡಲಿಲ್ಲ. ಇನ್ನೊಂದು. ನಮ್ಮ ಯಜಮಾನರ ಲಕ್ಷಕ್ಕೆ ಸಾಕ್ಷಿ ಹಾಕಿದವಳು ನಾನು. ಅದನ್ನ ನಾನು ನೋಡಿಲ್ಲ. ಬೋರ್ಡಿಂದ ಅಳಿಸಿದೀನಿ."

ಯಾರೋ ಕುರ್ಚಿ ತಂದಿಟ್ಟರು. ಕೂರಲಿಲ್ಲ.

ಔಷಧಿ ಅಂಗಡಿಯವರೇ ಮೊದಲು ಮಾತಾಡಿದರು. "ಹಾಗಾದ್ರೆ ನಾನು ಹೋಗಿ ಅಂಗಡಿ ಬಾಗಿಲು ತೆಗೀಬಹುದು." ಎದ್ದು ಬಂದು ಚಿಕ್ಕಿಯ ಮುಂದೆ ನಿಂತರು. "ಚಿಕ್ಕಮ್ಮಾ, ಆ ಕಿವಿ ಔಷಧಿ ವಾಪಸ್ ತಗೊಳ್ಳಲ್ಲ, ಮುಚ್ಚಳ ಒಡೆದಿದೀರಿ." ಎಲ್ಲರೂ ನಕ್ಕರು. ಅವರಿಗೆ ಋಣಿ.

ಚಿಕ್ಕಿ ನಗಲಿಲ್ಲ. ಎಲ್ಲರ ಮುಂದೆ, ಮೆಲ್ಲಗೆ: "ಲಕ್ಷ ಹೋಗ್ಲಿ ಅಕ್ಕ. ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕಿವಿಗೆ ಹಾಕ್ದೆಯಲ್ಲ."



ಕೊರಳಿನಿಂದ ಗೊಂಚಲು ತೆಗೆದು, ಸಾಕ್ಷಿ ಪುಸ್ತಕದ ಮೇಲಿಟ್ಟು, ಎರಡನ್ನೂ ಅವಳ ಕೈಗೆ ಕೊಟ್ಟೆ. "ಇನ್ನು ನೀನು. ನಾನು ನಿಲ್ಲುವುದಿಲ್ಲ." ತೆಗೆದುಕೊಂಡಳು. ಬೇಡ ಎನ್ನಲಿಲ್ಲ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ.

ಫೈನಲ್ ಆಡಿದಳು. ಅವಳ ಆಟಕ್ಕೆ ಮೇಸ್ತ್ರಿ ಸಾಕ್ಷಿ ನಿಂತ. ದೀಪಸ್ತಂಭದಲ್ಲಿ ಎಂಬತ್ತೆರಡು ಸಾವಿರ, ಎಲ್ಲರಿಗಿಂತ ಮೇಲೆ. ಡ್ರ್ಯಾಗನ್‌ನಲ್ಲಿ ಕೊನೆ. ಒಟ್ಟಾರೆ ನಾಲ್ಕನೆಯವಳು. "ಅದು ಬಾಯಿ ಮುಚ್ಚಲ್ಲ ಕಣಪ್ಪಾ. ಅದರ ಮಾತು ಕೇಳ್ಲೋ, ಚೆಂಡು ನೋಡ್ಲೋ?" ಎಂದು ಮಗನಿಗೆ ಹೇಳುತ್ತಿದ್ದಳು.

ಮಗ ನನ್ನ ಹತ್ತಿರ ಬಂದದ್ದು ಎಲ್ಲ ಹೋದ ಮೇಲೆ. "ಚಿಕ್ಕಮ್ಮನದು ಸರಿ. ಅಪ್ಪನ್ನ ಯಾಕಮ್ಮ ಎಳೆದೆ? ಅವರು ಬಂದು ಹೌದು, ಇಲ್ಲ ಅನ್ನೋಕಾಗತ್ತಾ?" ಕಣ್ಣು ತುಂಬಿತ್ತು. ಅವನು ಇನ್ನೂ ಮೇಲೆ ಬಂದಿಲ್ಲ.

ಆಮೇಲೆ ಚಿಕ್ಕಿ ಬಂದಳು. ಎರಡು ಲೋಟ ಚಹಾ. ಒಂದು ನನ್ನ ಮುಂದೆ ಇಟ್ಟಳು, ಸ್ವಲ್ಪ ಜೋರಾಗಿಯೇ. ಸಿಟ್ಟು ಇದೆ. ಇರಲಿ. ಪುಸ್ತಕವೂ ತಂದಿದ್ದಳು. ಮೊದಲ ಪುಟ ತೆರೆದಳು.

"ಭಾವಂದು ದಾಟಿತ್ತು ಅಕ್ಕ."

"ಏನು?"

"ನಾನಿದ್ದೆನಲ್ಲ ಕೆಳಗೆ. ಗಾಜು ಒರೆಸ್ತಾ. ಚಕ್ರ ತಿರುಗಿದ್ದು ನೋಡಿದೆ, ದೀಪ ಹತ್ತಿದ್ದೂ ನೋಡಿದೆ. ಭಾವ ಕುಣಿದು ಮಂಡಿ ತಾಗಿಸಿಕೊಂಡ್ರು, ಆ ಮೂಲೆಗೆ."

"ಮೂವತ್ತೊಂದು ವರ್ಷ ಹೇಳಲಿಲ್ಲ ನೀನು."

"ನೀನು ಕೇಳಲಿಲ್ಲ."

ಯಜಮಾನರ ಮಂಡಿಗೆ ಆ ವಾರ ಪಟ್ಟಿ ಇತ್ತು. ನಾನೇ ಕಟ್ಟಿದ್ದೆ. ಹೇಗಾಯಿತು ಎಂದು ಆಗಲೂ ಕೇಳಿರಲಿಲ್ಲ. ಅಥವಾ ಇವಳಿಗೆ ಆ ಪಟ್ಟಿ ಮಾತ್ರ ನೆನಪಿದೆಯೋ? ನನ್ನ ಮುಖ ನೋಡಿ, ಮಗನ ಮುಖ ನೋಡಿ, ಉಳಿದದ್ದನ್ನು ಕಟ್ಟಿದಳೋ? ಕೇಳಬಹುದಿತ್ತು. ಇವಳ ಕಿವಿಯನ್ನು ಇವಳೇ ನಂಬದ ಹಾಗೆ ಮಾಡಿದವಳು ನಾನು. ಇನ್ನು ಕಣ್ಣನ್ನೂ ಪರೀಕ್ಷೆ ಮಾಡಲೇ?

"ಬೋರ್ಡಿಗೆ ವಾಪಸ್ ಹಾಕೋದು ಬಿಡೋದು ನಿನ್ನಿಷ್ಟ" ಎಂದಳು.

"ನನ್ನಿಷ್ಟ ಅಲ್ಲ. ಪುಸ್ತಕ ನಿನ್ನ ಹತ್ರ ಇದೆ."

ಪೆನ್ನು ತೆಗೆದಳು. ನನ್ನ ಸಹಿಯ ಮೇಲೆ ಒಂದು ಗೆರೆ ಎಳೆದಳು, ಅಡ್ಡ, ನೇರವಾಗಿ. ಪಕ್ಕದಲ್ಲಿ ತನ್ನದು ಹಾಕಿದಳು. ನಂತರ ಈ ವರ್ಷದ ಪುಟ ತೆರೆದು 08,430ರ ಎಡಕ್ಕೆ ಒಂದು ‘1’ ಬರೆದು ಪುಸ್ತಕ ನನ್ನ ಕಡೆ ತಿರುಗಿಸಿದಳು. "ಇಲ್ಲಿ ನಿಂದು ಬೇಕು. ನೋಡಿದವಳು ನೀನೇ." ಹಾಕಿದೆ. ಅಕ್ಷರ ಈಗ ದುಂಡಗಿಲ್ಲ.

ಲೋಟ ಎತ್ತಿಕೊಂಡು ಕೆಳಗೆ ಹೋದಳು. ಗೊಂಚಲು ಅವಳ ಕೊರಳಲ್ಲಿ ಸದ್ದು ಮಾಡುತ್ತದೆ. ನನ್ನ ಕೊರಳಲ್ಲೂ ಹೀಗೇ ಮಾಡುತ್ತಿತ್ತೇನೋ.

ಇಷ್ಟು ಬರೆಯುವ ಹೊತ್ತಿಗೆ ಕೆಳಗೆ ಗಂಟೆ ಶುರುವಾಗಿದೆ. ಪಂದ್ಯ ಬಿಟ್ಟು ತನ್ನಷ್ಟಕ್ಕೆ ಆಡುತ್ತಿರುವುದು ವಾರದ ಮೇಲೆ ಇವತ್ತು. ಅವಳದೇ ಕೈ, ನಡುವೆ ಅವಸರ ಇಲ್ಲ. ಮೂರನೆಯ ಚೆಂಡು ಇರಬೇಕು, ತುಂಬಾ ಹೊತ್ತಾಯಿತು. ಐದೂ ಚಕ್ರ ಒಟ್ಟಿಗೆ ತಿರುಗಿದ ಹಾಗೆ... ಠಕ್.

ಕೇಳಿಸಿತು. ಮೇಲೆ ಕೂತು ಬರೆಯುವುದಿಲ್ಲ. ದೀಪ ಹತ್ತಿದೆಯೋ, ಇಳಿದು ಹೋಗಿ ನೋಡುತ್ತೇನೆ.